ಗೋಡೆ ಕಡೆಯ ಸ್ಟೂಲು

ನನ್ನ ಅಂಗಿಯ ತೋಳಿಗೆ ಹತ್ತಿದ ಸುಣ್ಣ ನೋಡಿ ಹೆಂಡತಿ ಬೆಳಿಗ್ಗೆಯಿಂದ ಗೊಣಗುತ್ತಿದ್ದಾಳೆ. ಗೊಣಗುವುದು ನ್ಯಾಯವೇ. ರೋಗಿಯನ್ನು ನೋಡಲು ಹೋದವರು ಬಾಗಿಲ ಕಡೆಯ ಖುರ್ಚಿಯಲ್ಲಿ ಕೂತು ಬರುತ್ತಾರೆ, ಮಂಚಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ತೂರಿಕೊಳ್ಳುವುದಿಲ್ಲ. ನಿನ್ನೆ ನಿಪ್ಪಾಣಿಯ ಆಸ್ಪತ್ರೆಯಲ್ಲಿ ಹಸೀನಾ ಮೌಶಿಯನ್ನು ನೋಡಲು ಹೋದಾಗ ನಾನು ತೂರಿಕೊಂಡೆ. ನನ್ನ ಹೊಟ್ಟೆಯನ್ನು ನೀವು ನೋಡಿಲ್ಲ. ನೋಡಿದ್ದರೆ ಆ ಗೋಡೆಯ ಮೇಲೆ ಕನಿಕರಪಡುತ್ತಿದ್ದಿರಿ.

ಮೌಶಿ ಎಂದು ಕರೆದರೂ ಬಳಗದವಳಲ್ಲ; ಸದಲಗಾದಲ್ಲಿ ನಮ್ಮ ಓಣಿಯವಳು, ನನ್ನ ಕಾಕುವಿನ ಜಂಪರುಗಳನ್ನೆಲ್ಲ ಹೊಲಿದವಳು. ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ, ತಾಯಿಯಿಲ್ಲದ ನನ್ನನ್ನು ಸಾಕಿದವಳು. ಅವಳಿಗೆ ಲಕ್ವಾ ಹೊಡೆದು ಬಲಗಡೆಯ ಮೈಯೆಲ್ಲ ಜೋಮು ಹಿಡಿದಾಗ ಚಿಕ್ಕೋಡಿಯ ಒಂದು ಆಸ್ಪತ್ರೆಗೆ ಸೇರಿಸಿದೆವು. ಮಾತು ತೊದಲುತ್ತಿತ್ತು, ಬುದ್ಧಿ ಮಾತ್ರ ಚುರುಕಾಗಿತ್ತು.

"ಎರಡ ತಾಸಿಗೊಮ್ಮೆ ಮಗ್ಗಲಾ ಬದಲಿಸ್ರಿ. ಒಂದ ಕಡೆ ಮಲಗಿದ್ರ ಚರ್ಮ ಕೆಡತೈತಿ" ಎಂದು ಸಿಸ್ಟರ್ ಮೊದಲ ದಿನವೇ ಹೇಳಿದ್ದರು. ಇದೇನು ದೊಡ್ಡ ಕೆಲಸ ಅಂದುಕೊಂಡೆವು. ಆದರೆ ಕಾಕುವಿನ ಎಡಕ್ಕೆ ಗೋಡೆ, ಬಲಕ್ಕೆ ಬಾಗಿಲು. ನಮ್ಮ ಕಡೆ ಒಬ್ಬರು ಆಸ್ಪತ್ರೆ ಸೇರಿದರೆ ಬಳಗವೆಲ್ಲ ನೋಡಲು ಬರಬೇಕು. ರಾಯಬಾಗ, ಅಥಣಿ, ಕಾಗವಾಡದಿಂದ ಬಾಳೆಹಣ್ಣು, ಬಿಸ್ಕೀಟು ಹಿಡಿದು ಬರುತ್ತಲೇ ಇದ್ದರು. ಬಾಗಿಲಲ್ಲಿ ಚಪ್ಪಲಿ ಸಪ್ಪಳವಾದರೆ ಸಾಕು, ತನ್ನನ್ನು ಆ ಕಡೆ ಹೊರಳಿಸುವವರೆಗೂ ಕಾಕು ಬಿಡುತ್ತಿರಲಿಲ್ಲ.

"ಪಾವ್ಣ್ಯಾರಿಗೆ ಬೆನ್ನ ಮಾಡಿ ಮಲಗಾಕ ನಾ ಏನ್ ಸತ್ತೇನೇನು?"

ಹೀಗೆ ದಿನವೆಲ್ಲ ಬಲಮಗ್ಗುಲೇ ಆಯಿತು. ಆ ಮಗ್ಗುಲಿಗೆ ಸ್ಪರ್ಶವೇ ಇಲ್ಲ; ನೋವಾದರೂ ಅವಳಿಗೆ ತಿಳಿಯುವಂತಿರಲಿಲ್ಲ. ಒಂದು ಮುಂಜಾನೆ ಮೈ ಒರೆಸುವಾಗ ಅವಳ ಸೊಂಟದ ಎಲುಬಿನ ಮೇಲೆ ಕೆಂಪು ಕಲೆ ಕಂಡಿತು. ಸಿಸ್ಟರ್ ಬೆರಳಿನಿಂದ ಒತ್ತಿ ನೋಡಿದರು.

"ಒತ್ತಿದ್ರ ಬೆಳ್ಳಗಾಗಬೇಕಿತ್ತು, ಆಗವಲ್ದು. ಹಿಂಗ ಬಿಟ್ರ ಗಾಯ ಎಲುಬಿನ ತನಕಾ ಹೋಗತೈತ್ರಿ. ಸಕ್ಕರಿ ಬ್ಯಾನಿ ಬ್ಯಾರೆ ಐತಿ ಇವರಿಗೆ."

ನಾನು ಎಣ್ಣೆ ಬಾಟಲಿಗೆ ಕೈ ಹಾಕಿದೆ. "ತಿಕ್ಕಬ್ಯಾಡ್ರಿ, ಇನ್ನಷ್ಟ ಕೆಡತೈತಿ. ಅದರ ಮ್ಯಾಲಿನ ಭಾರ ತಗೀರಿ, ಅಷ್ಟ" ಎಂದು ಸಿಸ್ಟರ್ ತಡೆದರು.

ನನಗೆ ನಿಜಕ್ಕೂ ಹೆದರಿಕೆಯಾಯಿತು. ಲಕ್ವಾದಿಂದ ಉಳಿದವಳು ಬಂದವರಿಗೆ ಮರ್ಯಾದೆ ಕೊಡಲು ಹೋಗಿ ಸಾಯುತ್ತಾಳೆ ಅನಿಸಿತು. ರಾಯಬಾಗದ ಮಾವನನ್ನು ಬಾಗಿಲಲ್ಲೇ ತಡೆದೆ. ಆತ ಇವತ್ತಿಗೂ ನನ್ನ ಜೊತೆ ನೆಟ್ಟಗೆ ಮಾತಾಡುವುದಿಲ್ಲ, ಕಾಕುವಂತೂ ಆವತ್ತು ಊಟವನ್ನೇ ಬಿಟ್ಟಳು.

ಆ ಮಧ್ಯಾಹ್ನ ಹಸೀನಾ ಮೌಶಿ ಬಂದಳು. ಅವಳನ್ನು ತಡೆಯುವ ಧೈರ್ಯ ನನಗಿರಲಿಲ್ಲ. ಗೋಡೆಗೆ ಮುಖ ಮಾಡಿಸಿ ಮಲಗಿಸಿದ್ದ ಕಾಕು ಸಪ್ಪಳ ಕೇಳಿ ಒದ್ದಾಡತೊಡಗಿದಳು. ಮೌಶಿ ಒಂದು ಗಳಿಗೆ ನಿಂತು ನೋಡಿದಳು, ಖುರ್ಚಿಯಲ್ಲಿ ಕೂಡಲಿಲ್ಲ.

"ಮಂಚ ಸ್ವಲ್ಪ ಈಚೆ ಜಗ್ಗೋ" ಅಂದಳು ನನಗೆ.

ಜಗ್ಗಿದೆ. ಅವಳು ಗೋಡೆಗೆ ಬೆನ್ನು ಉಜ್ಜಿಕೊಂಡು ಅಡ್ಡಡ್ಡ ಸರಿದು ಕಾಕುವಿನ ಮುಖದ ಹತ್ತಿರ ಕುಕ್ಕರುಗಾಲಲ್ಲಿ ಕೂತಳು.

"ಎತ್ತಾಗ ಹೊಳ್ಳತಿ ಅಕ್ಕಾ? ನಾ ಇಲ್ಲೇ ಅದೀನಲ್ಲ."

ಕಾಕುವಿನ ಒದ್ದಾಟ ನಿಂತಿತು. ಅರ್ಧ ತುಟಿಯಲ್ಲಿ ನಕ್ಕಳು. ಯಾವುದೋ ಹಳೆಯ ಜಂಪರಿನ ತೋಳು ಬಿಗಿಯಾದ ಕತೆ ಶುರುವಾಯಿತು. ಅಷ್ಟು ಹೊತ್ತು ಅವಳು ಎಡಮಗ್ಗುಲಲ್ಲಿ ಮಲಗಿದ್ದು ಅದೇ ಮೊದಲು.

ಮರುದಿನ ಆ ಸಂದಿಯಲ್ಲೊಂದು ಸ್ಟೂಲು ಹಾಕಿದೆ. ಮಗ್ಗುಲು ಬದಲಿಸುವ ಹೊತ್ತಿಗೆ ನೋಡಲು ಬಂದ ಪಾವ್ಣ್ಯಾರನ್ನೂ ಎಬ್ಬಿಸಿ "ಈ ಕಡೆ ಬರ್ರಿ" ಅನ್ನುತ್ತಿದ್ದೆ. ಎಲ್ಲರೂ ಬೆನ್ನಿಗೆ ಸುಣ್ಣ ಬಳಿದುಕೊಂಡೇ ಊರಿಗೆ ಹೋದರು. ಕಲೆ ಮೆಲ್ಲಗೆ ಮಾಸಿತು, ಕಾಕು ಮನೆಗೆ ಬಂದಳು. ಮತ್ತೆ ಏಳಲಿಲ್ಲ, ಆದರೆ ಎಷ್ಟೋ ವರ್ಷ ಬದುಕಿದಳು. ಮನೆಯಲ್ಲೂ ಅವಳ ಮಂಚ ಗೋಡೆಗೆ ತಾಗಲಿಲ್ಲ.

ಅವಳು ತೀರಿಕೊಂಡ ದಿನ ಅವಳ ಮೈ ತೊಳೆದು ಹೊರಗೆ ಬಂದ ನನ್ನ ಹೆಂಡತಿ, "ಇಷ್ಟ ವರ್ಷ ಮಲಗಿದವರ ಮೈಮ್ಯಾಲ ಒಂದ ಗಾಯ ಇಲ್ಲ ನೋಡ್ರಿ" ಅಂದಳು. ಅಲ್ಲಿಯವರೆಗೂ ನಾನು ಅತ್ತಿರಲಿಲ್ಲ. ಅಂಗಳದಲ್ಲಿ ಕೂತಿದ್ದ ಮೌಶಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ನಿನ್ನೆ ಮೌಶಿಯೂ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಸಪ್ಪಳ ಕೇಳಿ ಅವಳ ಭುಜ ಅಲುಗಿತು. "ಕೂಡ್ರಿ, ಅವರ್ನ ಹೊಳ್ಳಸ್ತೀನಿ" ಅಂದಳು ಅವಳ ಸೊಸೆ. "ಬ್ಯಾಡವಾ, ಹಂಗ ಇರ್ಲಿ" ಎಂದು ನಾನೇ ಆ ಕಡೆ ಹೋದೆ. ಮೌಶಿ ಕಣ್ಣು ಬಿಟ್ಟು ನೋಡಿದಳು. ಕೈ ಎತ್ತಿ ನನ್ನ ತೋಳಿನ ಸುಣ್ಣ ಕೊಡವಲು ನೋಡಿದಳು. ಕೈ ಅಷ್ಟು ದೂರ ಬರಲಿಲ್ಲ.

ಕಾಕು ಆಸ್ಪತ್ರೆಯಲ್ಲಿದ್ದಾಗ ಹೆಂಡತಿ ಇನ್ನೂ ನಮ್ಮ ಮನೆಗೆ ಬಂದಿರಲಿಲ್ಲ; ಇಷ್ಟನ್ನು ಈಗ ಅವಳಿಗೆ ಹೇಳಿದೆ. ಗೊಣಗಾಟ ನಿಂತಿತು. ಒಗೆಯಲು ಹಿಡಿದಿದ್ದ ಅಂಗಿಯನ್ನು ಮತ್ತೆ ಗೂಟಕ್ಕೆ ಹಾಕಿ ಅಂದಳು:

"ನಾಳೆ ನಾನೂ ಬರ್ತೀನ್ರಿ. ನೀವು ಬಾಗಲ ಕಡೆ ಕೂಡ್ರಿ, ನಾ ಗ್ವಾಡಿ ಕಡೆ ಕೂಡತೀನಿ."