ಅವ್ವನಿಗೆ ಮೀಸೆ ಇದ್ದ ತಂಡ

ಅಣ್ಣ ಆಟದ ಪೆಟ್ಟಿಗೆಯಲ್ಲಿ ನಮ್ಮ ಮನೆಯವರನ್ನೆಲ್ಲ ಸೇರಿಸಿ ಒಂದು ಕ್ರಿಕೆಟ್ ತಂಡ ಕಟ್ಟಿದ್ದ. ಟೀವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್. ಆಟಗಾರರ ಮುಖ, ಬಣ್ಣ, ಎತ್ತರ ಎಲ್ಲವನ್ನೂ ನಾವೇ ಗೊತ್ತುಮಾಡಬಹುದಿತ್ತು. ಅವ್ವ ಓಪನಿಂಗ್ ಬರುತ್ತಿದ್ದಳು. ಮೂರನೆಯವಳಾಗಿಯೂ ಇರಬಹುದು. ಕೇಳಿದರೆ "ನಾನೇ ಮೊದ್ಲು" ಅನ್ನುತ್ತಾಳೆ. ಆದರೆ ಎಲ್ಲದರಲ್ಲೂ ಹಾಗೆ ಅನ್ನುವವಳು ಅವಳು. ಮೀಸೆಯ ವಿಷಯದಲ್ಲಿ ಮಾತ್ರ ನಮಗಿಬ್ಬರಿಗೂ ಅನುಮಾನವಿಲ್ಲ.

"ನಂಗ್ಯಾಕ್ಲಾ ಮೀಸೆ ಮಡ್ಗಿದ್ದೀಯೆ?"

"ಇದ್ರಲ್ಲಿ ಎಂಗುಸ್ರು ಮುಖ ಇಲ್ಲ ಕಣವ್ವ. ಸಿಕ್ಕಿದ್ರಲ್ಲಿ ಇದೇ ನಿನ್ನಂಗೆ ಕಾಣ್ತದೆ" ಎಂದ ಅಣ್ಣ.

"ನಿಮ್ಮಪ್ಪಂಗೇ ಇಲ್ದಿದ್ ಮೀಸೆ ನಂಗೆ!"

ಅಪ್ಪ ಆಗಲೇ ತೀರಿಕೊಂಡಿದ್ದ. ಟೀವಿಯಲ್ಲಿ ದಿನಾ ಸಂಜೆ ಬೌಲಿಂಗ್ ಮಾಡುತ್ತಿದ್ದ. ನಿಜವಾದ ಅಪ್ಪ ಚೆಂಡು ಮುಟ್ಟಿದ್ದನ್ನು ನಾನು ಕಂಡಿಲ್ಲ. ಆದರೆ ಈಗ ಅವನ ನಡಿಗೆಯನ್ನು ನೆನೆಯಲು ಹೋದರೆ ಓಡಿಬಂದು ಚೆಂಡೆಸೆಯುವ ಆ ಬೊಂಬೆಯೇ ಬರುತ್ತದೆ. ಇದನ್ನು ನೆನಪು ಅನ್ನಬಹುದೋ ಇಲ್ಲವೋ. ಅವ್ವನಿಗೆ ಇಂಥ ತಕರಾರು ಇರಲಿಲ್ಲ. ಸೊಪ್ಪು ಬಿಡಿಸುತ್ತ ಕೂತು, "ನಿಧಾನುಕ್ಕೆ ಓಡ್ಬನ್ನಿ, ಬಿದ್ಗಿದ್ದೀರಿ" ಎಂದು ಟೀವಿಗೆ ಹೇಳುತ್ತಿದ್ದಳು.

ಮೊದಮೊದಲು ಆಟ ಡಿಸ್ಕಿನಲ್ಲಿ ಬರುತ್ತಿತ್ತು. ಗೀರು ಬಿದ್ದರೆ ಅಣ್ಣ ಪಂಚೆಯ ಅಂಚಿನಲ್ಲಿ ಒರೆಸಿ ಹಾಕುತ್ತಿದ್ದ, ಓಡುತ್ತಿತ್ತು. ಯಾರ ಡಿಸ್ಕು, ಯಾರು ಹಾಕಿದರು ಎಂದು ಪೆಟ್ಟಿಗೆ ಕೇಳುತ್ತಿರಲಿಲ್ಲ. ಆಮೇಲೆ ನಂಜನಗೂಡಿನ ಫ್ಯಾಕ್ಟರಿಯಲ್ಲಿ ಅವನ ಕೆಲಸ ಕಾಯಂ ಆಯಿತು. ಆಗ ತಂದ ಹೊಸ ಪೆಟ್ಟಿಗೆಗೆ ಡಿಸ್ಕ್ ಹಾಕುವ ಜಾಗವೇ ಇರಲಿಲ್ಲ. ದುಡ್ಡು ಕಟ್ಟಿ ಆಟವನ್ನು ಡೌನ್‌ಲೋಡ್ ಮಾಡಿಕೊಳ್ಳಬೇಕು. ಅದು ಕೊಂಡವನ ಖಾತೆಗೆ ಕಟ್ಟಿಹಾಕಿದ ಆಟ. ಆಗಾಗ ಪೆಟ್ಟಿಗೆ ಕಂಪನಿಯನ್ನು ವಿಚಾರಿಸುತ್ತದೆ: ಇವನೇ ಅವನಾ? ಅಲ್ಲಿಂದ ಹೌದೆಂದರೆ ಮಾತ್ರ ಆಟ ತೆರೆಯುತ್ತದೆ. ಅದರಲ್ಲೂ ಅಣ್ಣ ನಮ್ಮ ತಂಡವನ್ನು ಮೊದಲಿನಂತೆಯೇ ಮತ್ತೆ ಕಟ್ಟಿದ.

ಅಣ್ಣ ಜ್ವರವೆಂದು ಆಸ್ಪತ್ರೆಗೆ ಹೋಗಿ ಹೆಣವಾಗಿ ಬಂದ. ಅವ್ವ ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟಳು. ವರ್ಷದ ಕಾರ್ಯ ಮುಗಿದ ಮೇಲೆ ಒಂದು ದಿನ ತಾನೇ ತೆಗೆದು ನನ್ನ ಮುಂದಿಟ್ಟಳು.

"ಆಕ್ಲಾ. ಇಬ್ರನ್ನೂ ನೋಡ್ಬೇಕು."

ಪೆಟ್ಟಿಗೆ ಕೇಳಿತು: ನೀನು ಯಾರು? ಅಣ್ಣನ ಪಾಸ್‌ವರ್ಡ್ ನನಗೆ ಗೊತ್ತಿತ್ತು. ಅದು ಸಾಲದು, ಅವನ ಫೋನಿಗೆ ಕಳಿಸಿರುವ ಓಟಿಪಿ ಹಾಕು ಎಂದಿತು. ಆ ನಂಬರಿಗೆ ನಾವು ರೀಚಾರ್ಜ್ ಮಾಡಿಸಿರಲಿಲ್ಲ. ಸುಮ್ಮನೆ ಕರೆ ಮಾಡಿದೆ. ರಿಂಗಾಯಿತು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಯಾರ್ ಸಾ?" ಎಂದಿತು ಗುರುತಿಲ್ಲದ ಗಂಡಸಿನ ದನಿ. ನಂಬರನ್ನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು. ನಾನು ಓಟಿಪಿ ಅಂದದ್ದೇ ತಡ, "ನಿಮ್ಮಂತೋರೇ ನಮ್ ಚಿಕ್ಕಪ್ಪನ ಅಕೌಂಟ್ ಗುಡ್ಸಾಕಿರೋದು. ಮಡಗ್ಲಾ ಫೋನ!" ಎಂದು ಕಟ್ ಮಾಡಿದ.

ಅವ್ವ ಫೋನ್ ಕಸಿದುಕೊಂಡು ಅದೇ ನಂಬರಿಗೆ ತಾನೇ ಕರೆ ಮಾಡಿದಳು. "ನಿಂಗೆ ಅವ್ವ ಅವ್ಳಾ ಮಗಾ?" ಎಂದು ಶುರುಮಾಡಿದಳು. ಅವನು ಸೋಸಲೆಯವನು, ಹಸು ಕಟ್ಟಿ ಡೈರಿಗೆ ಹಾಲು ಹಾಕುವವನು ಎಂದು ತಿಳಿಯಿತು. ಫೋನಿನಲ್ಲಿ ಹೇಳುವುದಿಲ್ಲ, ಮುಖ ತೋರಿಸಿ, ಆಮೇಲೆ ನೋಡೋಣ ಎಂದನಂತೆ.

ಓಟಿಪಿ ಬಂದ ಕೂಡಲೇ ಹಾಕಬೇಕಲ್ಲ. ಅದಕ್ಕೇ ಪೆಟ್ಟಿಗೆಯನ್ನೂ ಹೊತ್ತುಕೊಂಡು ಹೊರಟೆವು. ತಿ. ನರಸೀಪುರದವರೆಗೂ ಅವ್ವ ಅದನ್ನು ತೊಡೆಯಿಂದ ಇಳಿಸಲಿಲ್ಲ. ಅಲ್ಲಿಂದ ಇನ್ನೊಂದು ಬಸ್ಸು. ದಾರಿಯಲ್ಲಿ ಮೋಡ ಕವಿದಿತ್ತೆಂದು ಬರೆಯಬಲ್ಲೆ. ಬಿಸಿಲಿತ್ತು ಅನ್ನಿಸುತ್ತದೆ.

ಆ ಮನುಷ್ಯ ಅವ್ವನ ಮುಖವನ್ನೂ ಟವೆಲಿನ ಗಂಟನ್ನೂ ನೋಡಿ ಒಳಗೆ ಕರೆದ.

"ನಿಮ್ ಮಗನ್ ಸ್ನೇಹಿತ್ರು ಈಗ್ಲೂ ಫೋನ್ ಮಾಡ್ತರೆ ಕಣವ್ವಾ. 'ಎಲ್ಲೋಗಿದ್ಯಲಾ ಬಡ್ಡೆತ್ತದೆ' ಅಂತ ನಂಗೇ ಬಯ್ತರೆ. ನಂಗೇನ್ ಗೊತ್ತು? ರಾಂಗ್ ನಂಬರ್ ಅಂತ ಮಡುಗ್ತಿದ್ದೆ."

"ಇನ್ಮ್ಯಾಲೆ ಓಗ್ಬುಟ್ಟ ಅಂತ ಏಳಪ್ಪ" ಅಂದಳು ಅವ್ವ.

ಅವನ ಹೆಂಡತಿ ಧಾರಾವಾಹಿ ನಿಲ್ಲಿಸಿ ಟೀವಿ ಬಿಟ್ಟುಕೊಟ್ಟಳು. ಓಟಿಪಿ ಬಂತು. ಅವನು ಫೋನನ್ನು ದೂರ ಹಿಡಿದು ಒಂದೊಂದೇ ಅಂಕಿ ಓದಿದ. ಖಾತೆ ತೆರೆಯಿತು. ಆಟ ಶುರುವಾಯಿತು, ಮೈದಾನದ ಜನ ಕೂಗಿದರು. ಅವ್ವ ಟೀವಿಯ ಹತ್ತಿರ ಜರುಗಿ ಕೂತಳು.

ಆಗ ತೆರೆಯ ಮೇಲೆ ಒಂದು ಸೂಚನೆ. ಈ ಆಟದ ಆನ್‌ಲೈನ್ ಸೇವೆಯನ್ನು ನಿಲ್ಲಿಸಲಾಗಿದೆ, ನೀವು ರಚಿಸಿದ ತಂಡಗಳು ಇನ್ನು ಲಭ್ಯವಿಲ್ಲ. ತಂಡ ನಮ್ಮ ಪೆಟ್ಟಿಗೆಯೊಳಗಿದೆ ಎಂದುಕೊಂಡಿದ್ದೆವು. ಅದು ಕಂಪನಿಯ ಕಂಪ್ಯೂಟರಿನಲ್ಲಿ, ಯಾವ ದೇಶದಲ್ಲೋ ಇತ್ತು. ನಾನು ಗುಂಡಿ ಒತ್ತಿದೆ. ಬಿಳಿ ಬಟ್ಟೆಯವರು ಸಾಲಾಗಿ ಮೈದಾನಕ್ಕಿಳಿದರು.

"ಇವ್ರ್ಯಾರ್ಲಾ?"

"ಕಂಪನಿಯೋರ ಆಳ್ಗಳು."

"ನಮ್ಮೋರು?"

"ಇಲ್ಲ ಕಣವ್ವ."

"ಇಲ್ಲ ಅಂದ್ರೆ?"

"ಅಳಿಸಾಕವ್ರೆ."

ಆ ಮನೆಯಾಕೆ ಕಾಫಿ ತಂದಳು. ಅವ್ವ ಲೋಟ ಮುಟ್ಟಲಿಲ್ಲ. "ಬ್ಯಾಡ ಕಣವ್ವ. ಸೂತ್ಕದಲ್ಲಿ ಇನ್ನೊಬ್ರ ಮನೇಲಿ ಕುಡೀಬಾರ್ದು" ಎನ್ನುತ್ತ ಎದ್ದಳು. "ಒಳೆ ಯಾವ್ ಕಡೆ?"

ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಅವ್ವನ ಹಿಂದೆ ಓಡಿದೆ. ಕಾವೇರಿಯಲ್ಲಿ ಸೊಂಟದುದ್ದ ನೀರಿಗಿಳಿದು, ಉಟ್ಟ ಸೀರೆಯಲ್ಲೇ ಮುಳುಗಿ ಎದ್ದಳು. ನಾನೂ ಮುಳುಗಿದೆನೆಂದು ಅವಳು ಹೇಳುತ್ತಾಳೆ. ನಾನು ದಡದಲ್ಲಿ ಅವಳ ಚಪ್ಪಲಿ ಹಿಡಿದು ನಿಂತಿದ್ದೆನೆಂದು ನನ್ನ ನೆನಪು. ಇಬ್ಬರಲ್ಲಿ ಒಬ್ಬರದು ಸುಳ್ಳು.

ವಾಪಸು ಬಸ್ಸಿನಲ್ಲಿ ಅವಳ ಸೀರೆಯಿಂದ ನೀರು ಸೋರುತ್ತಿತ್ತು. ಪಕ್ಕದ ಸೀಟಿನ ಹೆಂಗಸು ಕಾಲು ಮೇಲೆತ್ತಿಕೊಂಡು, ಮೆಲ್ಲಗೆ ಕೇಳಿದಳು:

"ಯಾರೋದ್ರವ್ವಾ?"

"ನನ್ ಗಂಡ. ನನ್ ಮಗ."

"ಅಯ್ಯೋ ಶಿವ್ನೇ! ಯಾವತ್ತು?"

"ಇವತ್ತೇ."

ಆ ಹೆಂಗಸು ನನ್ನ ಮುಖ ನೋಡಿದಳು. ನಾನು ಅಲ್ಲವೆನ್ನಲಿಲ್ಲ.