ಕನ್ನಡಿಯೊಳಗಿನ ಜಡೆ

ಆ ಬೆಳಗ್ಗೆಯೂ ಎಂದಿನಂತೆ ಫಿಲ್ಟರಿನ ತಲೆ ತಟ್ಟಿ ಡಿಕಾಕ್ಷನ್ ಇಳಿಸಿದೆ, ರೈಲ್ವೆ ಕಚೇರಿಗೆ ಹೊರಟ ನಮ್ಮವರ ಕೈಗೆ ಟಿಫಿನ್ ಕ್ಯಾರಿಯರ್ ಕೊಟ್ಟೆ, ಮಗಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚಿದೆ. ಟೈಫಾಯಿಡ್ ಬಂದು ಹೋದ ಮೇಲೆ ಬಾಚಣಿಗೆ ತುಂಬ ಕೂದಲು ಬರುತ್ತಿತ್ತು. ಮೊದಲಾಗಿದ್ದರೆ ಮನೆ ಹಾರಿಹೋಗುವಂತೆ ಕೂಗುತ್ತಿದ್ದ ಏಳು ವರ್ಷದ ಹುಡುಗಿ ಈಗ ಗೋಡೆ ನೋಡುತ್ತ ಸುಮ್ಮನೆ ಕೂತಿರುತ್ತಿದ್ದಳು. ಜ್ವರ ಬಿಟ್ಟಿತು ಎಂದು ಡಾಕ್ಟರು ಹೇಳಿಯಾಗಿತ್ತು. ಮಗು ನಮಗೆ ಪೂರ್ತಿ ವಾಪಸು ಬಂದಿದೆಯೇ ಎಂದು ಯಾರನ್ನು ಕೇಳುವುದು?

ಅವಳು ಎದ್ದು ಓಡಾಡುವಂತಾದ ಖುಷಿಗೆ ಹಿಂದಿನ ವಾರ ಅತ್ತೆ ಮೊಗ್ಗಿನ ಜಡೆ ಹಾಕಿದ್ದರು. ಉಳಿದಿದ್ದ ಚೂರು ಕೂದಲಿಗೆ ತಮ್ಮ ಚೌರಿ ಸೇರಿಸಿ ಹೆಣೆದು, ಮಲ್ಲಿಗೆ ಮೊಗ್ಗು ಹೊಲಿದರು. ಪ್ರಾಯದಲ್ಲಿ ಉದುರಿದ ತಮ್ಮದೇ ಕೂದಲು ಕೂಡಿಟ್ಟು ಕಟ್ಟಿಸಿದ್ದ ಚೌರಿ ಅದು. ಅವರ ತಲೆ ಪೂರಾ ಬೆಳ್ಳಗಾಗಿತ್ತು. ಚೌರಿ ಮಾತ್ರ ಕಪ್ಪಗೇ ಇತ್ತು.

ಮೊಗ್ಗಿನ ಜಡೆ ಹಾಕಿದ ಮೇಲೆ ಹುಡುಗಿಯನ್ನು ಕನ್ನಡಿಗೆ ಬೆನ್ನು ಮಾಡಿ ನಿಲ್ಲಿಸಿ, ಮುಖವೂ ಜಡೆಯೂ ಒಂದೇ ಪಟದಲ್ಲಿ ಬೀಳುವಂತೆ ಫೋಟೊ ತೆಗೆಸುವುದು ನಮ್ಮಲ್ಲಿ ವಾಡಿಕೆ. ಸ್ಟುಡಿಯೋವರೆಗೆ ನಡೆಸುವಷ್ಟು ಶಕ್ತಿ ಅವಳಲ್ಲಿರಲಿಲ್ಲ. ನಮ್ಮಣ್ಣ ಬಿಟ್ಟುಹೋದ ಕ್ಯಾಮೆರಾ ಮನೆಯಲ್ಲಿತ್ತು. ಅದರ ಅಪರ್ಚರನ್ನು, ಅಂದರೆ ಬೆಳಕು ಒಳಬಿಡುವ ಕಿಂಡಿಯನ್ನು, ತಿರುಗಿಸಿ ತಿರುಗಿಸಿ ಪ್ರಯೋಗ ಮಾಡುವ ಹುಚ್ಚು ನನಗೆ. ಕಿಂಡಿ ದೊಡ್ಡದಾದರೆ ಯಾವುದೋ ಒಂದೇ ಅಂತರದಲ್ಲಿರುವುದು ಮಾತ್ರ ಸ್ಪಷ್ಟ. ಕಿರಿದಾದರೆ ಹತ್ತಿರದ್ದೂ ದೂರದ್ದೂ ಸ್ಪಷ್ಟ, ಆದರೆ ಬೆಳಕು ಸಾಲದೆ ಹೆಚ್ಚು ಹೊತ್ತು ತೆರೆದಿಡಬೇಕು. ಕನ್ನಡಿಯೊಳಗಿನ ಜಡೆ, ಲೆನ್ಸಿನ ಪಾಲಿಗೆ, ಕನ್ನಡಿಯ ಆಚೆ ಎಲ್ಲೋ ದೂರದಲ್ಲಿರುತ್ತದೆ.

ಮೊದಲು ದೊಡ್ಡ ಕಿಂಡಿಯಲ್ಲಿ ಒಂದು ತೆಗೆದೆ. ಆಮೇಲೆ ಕ್ಯಾಮೆರಾವನ್ನು ಹೊಲಿಗೆ ಯಂತ್ರದ ಮೇಲೆ ಕೂರಿಸಿ, ಕಿಂಡಿಯನ್ನು ಅತಿ ಕಿರಿದಾದ ಹದಿನಾರನೇ ಅಂಕಿಗೆ ತಿರುಗಿಸಿ, "ಅಲುಗಬೇಡ ಪುಟ್ಟಿ" ಎಂದು ಇನ್ನೊಂದು ತೆಗೆದೆ.

ಆ ಬೆಳಗ್ಗೆ ಮಗಳ ತಲೆ ಬಾಚಿದ್ದಾದ ಮೇಲೆ ಹೋಗಿ ಮದರಾಸಿನ ನಮ್ಮ ಪುರಸೈವಾಕ್ಕಂ ಸ್ಟುಡಿಯೋದಿಂದ ಪ್ರಿಂಟು ತಂದೆ. ಮೊದಲನೆಯದರಲ್ಲಿ ಮಗಳ ಮುಖ ಚೆನ್ನಾಗಿ ಬಂದಿತ್ತು, ರೆಪ್ಪೆ ಕೂಡ ಕಾಣುತ್ತಿತ್ತು. ಕನ್ನಡಿಯಲ್ಲಿ ಬರೀ ಬಿಳಿ ಮಂಜು. ಎರಡನೆಯದರಲ್ಲಿ ನಾನು ಬಯಸಿದಂತೆ ಜಡೆ ತುದಿಯ ಕುಚ್ಚಿನವರೆಗೂ ಸ್ಪಷ್ಟ. ಕನ್ನಡಿಯ ಚೌಕಟ್ಟಿನ ಬಿರುಕು ಸ್ಪಷ್ಟ, ಲಂಗದ ಜರಿ ಸ್ಪಷ್ಟ. ಮುಖವಿರಬೇಕಾದಲ್ಲಿ ಮಾತ್ರ ಸ್ಲೇಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗಿತ್ತು.

ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. "ಮೊಗ್ಗು ಒಂದೊಂದೂ ಕಾಣ್ತಿದೆ ಕಣೇ. ಮುಖ ಎಲ್ಲೇ?"

"ತುಂಬಾ ಹೊತ್ತು ತೆರೆದಿಟ್ಟಿದ್ದೆ ಅಲ್ವಾ ಅತ್ತೆ, ಅಲುಗಾಡಿರ್ತಾಳೆ."

"ತಲೆ ಅಲುಗಿದ್ರೆ ಜಡೆ ಅಲುಗಲ್ವೇನೇ?"

ಬಾಗಿಲಲ್ಲಿ ಬಂದು ನಿಂತಿದ್ದ ಮಗಳು, ಶಾಲೆಯ ತಮಿಳಿನಲ್ಲಿ, ಮೆಲ್ಲಗೆ ಹೇಳಿದಳು: "ನಾನ್ ಅಸೈಯವೇ ಇಲ್ಲೈ, ಅಮ್ಮಾ." ನಾನು ಅಲುಗಲೇ ಇಲ್ಲ ಅಂತ. ಅವಳು ಸುಳ್ಳು ಹೇಳುವ ಹುಡುಗಿಯಲ್ಲ. ಅಡಿಗೆಮನೆಯಿಂದ ಅನ್ನ ಸೀದ ವಾಸನೆ ಬಂದಾಗ ಪಟಗಳನ್ನು ಮೇಜಿನ ಮೇಲಿಟ್ಟು ಒಳಗೆ ಓಡಿದೆ.

ಮಧ್ಯಾಹ್ನವೆಲ್ಲ ಮಗಳ ಪಕ್ಕ ಕೂತು, ಅವಳ ಮುಖವನ್ನು ಹತ್ತಿರದಿಂದ ನೋಡಿದೆ, ದೂರ ಸರಿದು ನೋಡಿದೆ. ಮೂಗಿನ ಮೇಲಿನ ಮಚ್ಚೆ ಇತ್ತು. ಹಲ್ಲು ಬಿದ್ದ ಜಾಗ ಇತ್ತು. ಕರೆದರೆ "ಊಂ" ಎನ್ನುತ್ತಿದ್ದಳು, ಸ್ವಲ್ಪ ತಡವಾಗಿ.

ಸಂಜೆ ಪಕ್ಕದ ಪೋರ್ಷನ್ನಿನ ಮಾಮಿ ಮೊಸರಿಗೆ ಹೆಪ್ಪು ಕೇಳಲು ಬಂದರು. ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇರುವ ಕನ್ನಡದವರು. ಮಗಳನ್ನು ಹುಟ್ಟಿದ ದಿನದಿಂದ ಎತ್ತಿ ಆಡಿಸಿದವರು. ನಾನು ಒಳಗಿನಿಂದ ಬಟ್ಟಲು ತರುವಷ್ಟರಲ್ಲಿ ಮೇಜಿನ ಮೇಲಿದ್ದ ಎರಡೂ ಪಟ ಅವರ ಕೈಯಲ್ಲಿದ್ದವು. ಮುಖ ಚೆನ್ನಾಗಿ ಬಂದದ್ದನ್ನು ಕೆಳಗಿಟ್ಟು, ಇನ್ನೊಂದನ್ನು ದೀಪದ ಹತ್ತಿರ ಹಿಡಿದರು.

"ಅದು ಯಾರೋ ಬೇರೆ ಪಾಪಾ ಮಾದಿರಿ ಇದೆ. ಇದರಲ್ಲಿ ತಾನೇ ರೀ ನಿಮ್ಮವಳು ಕರೆಕ್ಟಾ ಬಿದ್ದಿರೋದು," ಎಂದು ಬಟ್ಟಲು ತೆಗೆದುಕೊಂಡರು. "ಈಗೆಲ್ಲಾ ಹೀಗೇ ತಾನೇ ಇರ್ತಾಳೆ."