ಹೆಸರು ಹೇಳಲ್ಲ

ನಾನೇನು ಕೆಲಸ ಮಾಡುತ್ತೇನೆ ಎಂದು ವಾಷಿಂಗ್ಟನ್ ಪಕ್ಕದ ರಾಕ್‌ವಿಲ್‌ನ ಕನ್ನಡದವರು ಕೇಳಿದರೆ, ಪಾಠ ಹೇಳುತ್ತೇನೆ ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ಹೈಬ್ರಿಡ್ ಯುದ್ಧ ಎಂದರೆ ವಿವರಿಸಬೇಕಾಗುತ್ತದೆ. ವಿವರಿಸಿ ಮುಗಿಸುವಷ್ಟರಲ್ಲಿ ಕೇಳಿದವರು ಊಟದ ಸಾಲಿನಲ್ಲಿ ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತಾರೆ. ಗುಂಡು ಹಾರಿಸದೆ ಒಂದು ದೇಶಕ್ಕೆ ಕಾಟ ಕೊಡುವ ವಿದ್ಯೆ ಅದು. ಸುಳ್ಳು ಸುದ್ದಿ ಹಬ್ಬಿಸುವುದು, ಆಸ್ಪತ್ರೆಯ ಕಂಪ್ಯೂಟರ್ ಕೆಡಿಸುವುದು, ಸಮುದ್ರದಡಿಯ ಇಂಟರ್ನೆಟ್ ಕೇಬಲ್ ತುಂಡರಿಸಿ, ಲಂಗರು ಜಾರಿತು ಎಂದುಬಿಡುವುದು. ನಾನು ಯುರೋಪಿನಲ್ಲಿ ಇವು ನಡೆಯುವ ರೀತಿಯನ್ನು ವಾಷಿಂಗ್ಟನ್ನಿನ ವಿಶ್ವವಿದ್ಯಾಲಯವೊಂದರ ಸಂಶೋಧನಾ ಸಂಸ್ಥೆಯಲ್ಲಿ ಕೂತು ಬರೆಯುತ್ತೇನೆ.

ಕೋವಿಡ್ ಬಂದ ಮೇಲೆ ನನ್ನ ಸಂದರ್ಶನಗಳೆಲ್ಲ ಪರದೆಯ ಮೇಲೆ ನಡೆಯತೊಡಗಿದವು. ಹಾಗೆ ಸಿಕ್ಕವರು ಬಾಲ್ಟಿಕ್ ತೀರದ ಸಣ್ಣ ಬಂದರೊಂದರ ಒಬ್ಬ ಮಹಿಳೆ. ಹಡಗುಗಳ ಓಡಾಟವನ್ನು ಪರದೆಯಲ್ಲಿ ನೋಡುತ್ತಾ ಕೂರುವ ಕೆಲಸ ಅವರದು. ಒಂದು ಹಡಗು ಕಾರಣವಿಲ್ಲದೆ ಕೇಬಲ್ ಇರುವ ಜಾಗದಲ್ಲೇ ಮೂರು ದಿನ ಸುತ್ತಿದ್ದನ್ನು ಅವರು ಕಂಡಿದ್ದರು. ಮೇಲಿನವರಿಗೆ ಹೇಳಿದ್ದರು. ಮೇಲಿನವರು ಸುಮ್ಮನಿರು ಎಂದಿದ್ದರು. ಹೆಸರು ಹಾಕಬೇಡಿ, ನನ್ನ ಕೆಲಸ ಹೋಗುತ್ತದೆ ಎಂದು ಆ ಮಹಿಳೆ ನನಗೆ ಎರಡು ಸಲ ಹೇಳಿದರು. ಹಾಕುವುದಿಲ್ಲ ಎಂದು ನಾನೂ ಎರಡು ಸಲ ಹೇಳಿದೆ.

ನಮ್ಮಲ್ಲಿ ವರದಿ ಅಚ್ಚಿಗೆ ಹೋಗುವ ಮುಂಚೆ ಹೊರಗಿನವರೊಬ್ಬರು ಓದಿ ತಪ್ಪು ಹುಡುಕುತ್ತಾರೆ. ಈ ಸಲ ಓದಿದವರು ಆ ಮಹಿಳೆಯ ಮಾತಿನ ಪಕ್ಕದಲ್ಲಿ, ಈ ಮೂಲವನ್ನು ಯಾಕೆ ನಂಬಬೇಕು, ಯಾರೋ ಗುಮಾಸ್ತ ಇರಬಹುದಲ್ಲ ಎಂದು ಬರೆದಿದ್ದರು. ನನಗೆ ಪಿತ್ತ ನೆತ್ತಿಗೇರಿತು. ‘ಬಂದರಿನ ನಿಯಂತ್ರಣ ಕೊಠಡಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕೆಲಸ ಮಾಡಿದ ಮಹಿಳೆ’ ಎಂದು ಸೇರಿಸಿ, ಈಗ ನೋಡು ಎಂದುಕೊಂಡು ಕಳಿಸಿದೆ. ಅವರು ಮತ್ತೆ ತಕರಾರು ತೆಗೆಯಲಿಲ್ಲ. ಗೆದ್ದೆ ಅಂತಲೇ ಅಂದುಕೊಂಡೆ.

ವರದಿ ಹೊರಬಂದ ವಾರ ಅಟ್ಲಾಂಟಾದಲ್ಲಿ ನನ್ನದೊಂದು ಭಾಷಣವಿತ್ತು. ಭಾನುವಾರ ಅಲ್ಲೇ ಹತ್ತಿರದ ನಾರ್‌ಕ್ರಾಸ್‌ನಲ್ಲಿರುವ ತಂಗಿಯ ಮನೆಗೆ ಊಟಕ್ಕೆ ಹೋದೆ. ಪಕ್ಕದ ಬೀದಿಯ ಆಂಟಿಯೊಬ್ಬರೂ ಬಂದಿದ್ದರು. ಬಿಸಿಬೇಳೆಬಾತಿಗೆ ತುಪ್ಪ ಬಿದ್ದೊಡನೆ ಅವರು ದನಿ ತಗ್ಗಿಸಿದರು.

“ಹೆಸರು ಹೇಳಲ್ಲಮ್ಮ, ಊರ ಉಸಾಬರಿ ನನಗ್ಯಾಕೆ. ಒಬ್ಬರು ಡೆಂಟಿಸ್ಟು, ಮೈಸೂರ್ ಕಡೆಯವರೇ. ಅವರ ಮಗಳು ಕಾಲೇಜ್ ಡ್ರಾಪ್ ಮಾಡಿ ಮನೇಲಿ ಕೂತಿದ್ದಾಳಂತೆ. ಯಾರಿಗೂ ಹೇಳ್ಬೇಡಿ ಅಂತ ಅತ್ತುಬಿಟ್ರು ಪಾಪ, ಅದಕ್ಕೇ ನಾನು ಹೆಸರು ಎತ್ತಲ್ಲ.”

“ಅಯ್ಯೋ, ಅವರಾ?” ಎಂದಳು ತಂಗಿ. “ಮೊನ್ನೆ ತಾನೇ ಇಂಡಿಯನ್ ಸ್ಟೋರಲ್ಲಿ ಸಿಕ್ಕಿದ್ರು, ಮಗಳು ಚೆನ್ನಾಗಿ ಓದ್ತಿದ್ದಾಳೆ ಅಂದ್ರಲ್ಲ.”

“ನೋಡು, ನಾನು ಯಾರ ಹೆಸರಾದ್ರೂ ಹೇಳಿದ್ನಾ?”

ತಂಗಿಯ ಮಗಳು ತಟ್ಟೆಯಿಂದ ತಲೆ ಎತ್ತದೆ, “ಯು ಜಸ್ಟ್ ಡಿಡ್, ಆಂಟಿ” ಎಂದಳು.

ಎಲ್ಲರೂ ನಕ್ಕರು. ನಾನೂ ನಗುತ್ತಿದ್ದೆ, ನಡುವೆ ನಿಲ್ಲಿಸಿದೆ. “ಈ ಕಡೆ ಮೈಸೂರಿನ ಡೆಂಟಿಸ್ಟ್ ಎಷ್ಟು ಜನ ಇದ್ದಾರೆ?” ಎಂದು ತಂಗಿಯನ್ನು ಕೇಳಿದೆ.

“ಒಬ್ಬರೇ ಅಕ್ಕ, ಯಾಕೆ?”

ಎಂಜಲು ಕೈಯಲ್ಲೇ ಎದ್ದು ಹೋಗಿ, ಎಡಗೈಯಲ್ಲಿ ಫೋನ್ ಹಿಡಿದು ನನ್ನ ವರದಿ ತೆರೆದೆ. ಬಂದರಿನ ಹೆಸರು ಅದರಲ್ಲೇ ಇತ್ತು, ಆ ಬಂದರು ಸಣ್ಣದು. ಆ ಕೊಠಡಿಯಲ್ಲಿ ಎಂಟು ಜನ ಎಂದು ಆ ಮಹಿಳೆಯೇ ಹೇಳಿದ್ದರು. ಉಳಿದವರೆಲ್ಲ ಗಂಡಸರು, ಅದಕ್ಕೇ ಟೀ ಮಾಡುವ ಕೆಲಸ ನನ್ನ ಪಾಲಿಗೆ ಬರುತ್ತದೆ ಎಂದು ತಮಾಷೆ ಮಾಡಿದ್ದರು. ಸಂದರ್ಶನದ ಟಿಪ್ಪಣಿಯಲ್ಲಿ ಅದನ್ನು ಬರೆದುಕೊಂಡವಳೂ ನಾನೇ. ನನಗೆ ತುಂಬಾ ನಾಚಿಕೆಯಾಯಿತು. ಆಂಟಿಯ ಮೇಲೂ ಸಿಟ್ಟು ಬಂತು, ಅದಕ್ಕೆ ಅರ್ಥವಿರಲಿಲ್ಲ.

ಸಂಸ್ಥೆಯ ಸಂಪಾದಕಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವಳು ಸಂಜೆಯೊಳಗೆ ವೆಬ್‌ಸೈಟಿನಲ್ಲಿ ಆ ಸಾಲು ತೆಗೆದಳು. ಅಚ್ಚಾದ ಪ್ರತಿಗಳು ಶುಕ್ರವಾರವೇ ರಾಯಭಾರ ಕಚೇರಿಗಳಿಗೆ ಹೋಗಿದ್ದವು. ಆ ಮಹಿಳೆಗೂ ಆಗಲೇ ಬರೆದೆ, ತಪ್ಪು ನನ್ನದು, ಎಚ್ಚರವಾಗಿರಿ ಎಂದು. ಉತ್ತರ ಬರಲಿಲ್ಲ. ತಂಗಿ ಡಬ್ಬಿಗೆ ಹಾಕಿಕೊಟ್ಟ ಊಟವನ್ನು ವಿಮಾನ ನಿಲ್ದಾಣದಲ್ಲಿ ಕೂತು ತಿಂದೆ.

ಹತ್ತು ದಿನದ ಮೇಲೆ ಆ ಮಹಿಳೆಯ ಮೇಲ್ ಬಂತು. ತಮ್ಮನ್ನು ನಿಯಂತ್ರಣ ಕೊಠಡಿಯಿಂದ ತೆಗೆದು, ಲಾರಿಗಳಿಗೆ ಪಾಸ್ ಬರೆಯುವ ಕಿಟಕಿಗೆ ಹಾಕಿದ್ದಾರಂತೆ. ನನ್ನ ಜಾಗಕ್ಕೆ ಬಂದವನಿಗೆ ಆ ಹಡಗಿನ ಗುರುತು ಹೇಳಿಕೊಟ್ಟಿದ್ದೇನೆ, ಅವನು ನೋಡುತ್ತಾನೋ ಇಲ್ಲವೋ ಗೊತ್ತಿಲ್ಲ ಎಂದು ಬರೆದಿದ್ದರು. ಕೊನೆಗೆ, ನೀವು ಮಾತು ಉಳಿಸಿಕೊಂಡಿರಿ, ನನ್ನ ಹೆಸರು ಎಲ್ಲೂ ಬಂದಿಲ್ಲ, ಧನ್ಯವಾದ ಎಂದಿತ್ತು. ಕುಟುಕುತ್ತಿದ್ದಾರೇನೋ ಎಂದು ನಾಲ್ಕು ಸಲ ಓದಿದೆ. ಕುಟುಕಿರಲಿಲ್ಲ.

ಆ ವರದಿಯನ್ನು ಈಗ ಬೇರೆ ವಿಶ್ವವಿದ್ಯಾಲಯಗಳಲ್ಲೂ ಓದಿಸುತ್ತಾರೆ. ಈ ಕಥೆಯಲ್ಲಿ ನಾನು ಬರೆದಿರುವ ಸಮುದ್ರ ಆ ಮಹಿಳೆಯದಲ್ಲ. ಬಂದರು ಕೂಡ ಅಲ್ಲ, ಎಂಟು ಜನರ ಕೊಠಡಿಯೂ ಅಲ್ಲ, ಕಿಟಕಿಯೂ ಅಲ್ಲ. ಎಲ್ಲವನ್ನೂ ಬದಲಿಸಿದ್ದೇನೆ. ಬದಲಿಸಲು ಅರ್ಧ ಗಂಟೆಯೇ ಸಾಕಾಯಿತು.